ಉಬ್ಬರದ ಬೆನ್ನು ಹತ್ತಿ ಹಡ್ಸನ್ ನದಿಯಲ್ಲಿ

ಮೊದಲ ದಿನ: ಕೋನಿ ಐಲ್ಯಾಂಡ್

ನ್ಯೂಯಾರ್ಕಿಗೆ ಬಂದವರು ಮೊದಲು ಕತ್ತೆತ್ತಿ ಕಟ್ಟಡಗಳನ್ನು ನೋಡುತ್ತಾರೆ. ನಾನು ತಂಗಿಯ ಮಗನನ್ನು ಬೆಳಗಿನ ಜಾವಕ್ಕೇ ಎಬ್ಬಿಸಿ ಕಡಲ ತೀರಕ್ಕೆ ಹೊರಡಿಸಿದೆ. "ಕಡಲು ಮಧ್ಯಾಹ್ನವೂ ಅಲ್ಲೇ ಇರುತ್ತದೆ ಮಾವ" ಎಂದು ಗೊಣಗಿದ. ಇರುತ್ತದೆ, ಆದರೆ ಅಷ್ಟು ಹೊತ್ತಿಗೆ ಸಾಕಷ್ಟು ಹಿಂದೆ ಸರಿದಿರುತ್ತದೆ. ಅಂದು ಅಕ್ಟೋಬರಿನ ಅಮಾವಾಸ್ಯೆ. ತೀರದ ವೇಳಾಪಟ್ಟಿಯ ಪ್ರಕಾರ ಬೆಳಿಗ್ಗೆ ಎಂಟರ ಸುಮಾರಿಗೆ ಪೂರ್ಣ ಉಬ್ಬರ, ಮಧ್ಯಾಹ್ನ ಎರಡರ ಸುಮಾರಿಗೆ ಪೂರ್ಣ ಇಳಿತ.

ಕೋನಿ ಐಲ್ಯಾಂಡಿನ ಮರಳಿನಲ್ಲಿ ಒಂದು ಕೋಲು ನೆಟ್ಟು ಕುಳಿತೆವು. ಅಲೆಗಳ ಏರಾಟದ ನಡುವೆಯೂ ನೀರಿನ ಅಂಚು ಕೋಲಿನ ಹತ್ತಿರ ಬಂದದ್ದು, ನಿಂತದ್ದು, ಆಮೇಲೆ ಅನುಮಾನಿಸುತ್ತ ಹಿಂದೆ ಸರಿದದ್ದು ಸ್ಪಷ್ಟವಾಗಿ ಕಂಡಿತು. ಈ ಕರಾವಳಿಯಲ್ಲಿ ಉಬ್ಬರಕ್ಕೂ ಇಳಿತಕ್ಕೂ ಇರುವ ಸರಾಸರಿ ಅಂತರ ಸುಮಾರು 1.4 ಮೀಟರ್, ಅಮಾವಾಸ್ಯೆ, ಹುಣ್ಣಿಮೆಗಳಲ್ಲಿ ಇನ್ನಷ್ಟು ಹೆಚ್ಚು, ಅಷ್ಟಮಿಯ ಆಸುಪಾಸು ಕಡಿಮೆ. ಆರು ಗಂಟೆಗೆ ತುಸು ಮಿಕ್ಕಿ ಏರುತ್ತದೆ, ಹೆಚ್ಚುಕಡಿಮೆ ಅಷ್ಟೇ ಹೊತ್ತು ಇಳಿಯುತ್ತದೆ. ಒಂದು ಉಬ್ಬರದಿಂದ ಮುಂದಿನ ಉಬ್ಬರಕ್ಕೆ 12 ಗಂಟೆ 25 ನಿಮಿಷ. ಹಾಗಾಗಿ ದಿನವೂ ಐವತ್ತು ನಿಮಿಷದಷ್ಟು ತಡ. ನ್ಯೂಜೆರ್ಸಿಯ ಸ್ಯಾಂಡಿ ಹುಕ್‌ನಲ್ಲಿ ನಿಂತರೂ ಲಾಂಗ್ ಐಲ್ಯಾಂಡಿನ ದಕ್ಷಿಣ ತೀರದಲ್ಲಿ ನಿಂತರೂ ಗಡಿಯಾರದಲ್ಲಿ ದೊಡ್ಡ ವ್ಯತ್ಯಾಸವಿಲ್ಲ. ಉದ್ದನೆಯ ಕರಾವಳಿಯೊಂದು ಒಟ್ಟಿಗೇ ಉಸಿರೆಳೆದು ಒಟ್ಟಿಗೇ ಬಿಡುತ್ತದೆ.

"ಚಂದ್ರನೊಬ್ಬನೇ ತಾನೇ? ನದಿಯಲ್ಲೂ ಇದೇ ಕಥೆ ಇರಬೇಕು" ಎಂದ ಹುಡುಗ.

ಬಹಳ ಜನ ಹಾಗೆಯೇ ಅಂದುಕೊಂಡಿರುತ್ತಾರೆ. ಚಂದ್ರ, ಸೂರ್ಯರ ಸೆಳೆತ ಎದ್ದು ಕಾಣುವಷ್ಟು ಉಬ್ಬರ ಎಬ್ಬಿಸಲು ಸಾಗರದಷ್ಟು ವಿಸ್ತಾರದ ನೀರು ಬೇಕು. ಕಿಲೋಮೀಟರ್ ಅಗಲದ ನದಿಯನ್ನು ಆ ಸೆಳೆತ ನೇರವಾಗಿ ಎತ್ತುವುದು ಲೆಕ್ಕಕ್ಕೆ ಸಿಗದಷ್ಟು ಅಲ್ಪ. ನದಿಯ ಉಬ್ಬರ ಕಡಲಿನಿಂದ ಎರವಲು ತಂದದ್ದು. ಅಳಿವೆಯ ಬಾಯಲ್ಲಿ ಕಡಲು ಏರಿದಾಗ ಒಳಕ್ಕೆ ಒಂದು ತಳ್ಳು ಬೀಳುತ್ತದೆ. ಆ ತಳ್ಳು ಉದ್ದವಾದ, ಬಲು ಚಪ್ಪಟೆಯಾದ ಅಲೆಯಾಗಿ ನದಿಯೊಳಗೆ ಹೊರಡುತ್ತದೆ. ಆಮೇಲೆ ಅದಕ್ಕೆ ಚಂದ್ರನ ಹಂಗಿಲ್ಲ. ನದಿಯ ಆಳ, ಅಗಲ, ತಿರುವು, ಎದುರಿನಿಂದ ಬರುವ ಸಿಹಿನೀರು ಹೇಳಿದಂತೆ ಅದು ನಡೆಯಬೇಕು. ಅಂಥ ಒಂದು ಉಬ್ಬರದ ಜೊತೆಗೆ ಹಡ್ಸನ್ ನದಿಯಲ್ಲಿ ಅದು ಹೋಗುವಷ್ಟು ದೂರ ಹೋಗುವುದೇ ನಮ್ಮ ಯೋಜನೆ. ಮ್ಯಾನ್‌ಹಾಟನ್ನಿನ ದಕ್ಷಿಣ ತುದಿಯಾದ ಬ್ಯಾಟರಿಯಿಂದ ಟ್ರಾಯ್ ಪಟ್ಟಣದ ಅಣೆಕಟ್ಟಿನವರೆಗೆ 246 ಕಿಲೋಮೀಟರ್.

ಮಧ್ಯಾಹ್ನ ಉಳಿದ ಹೊತ್ತಿನಲ್ಲಿ ಈಸ್ಟ್ ರಿವರ್ ದಡದ ಅಸ್ಟೋರಿಯಾ ಪಾರ್ಕಿಗೆ ಹೋಗಿ ಹೆಲ್ ಗೇಟ್ ನೋಡಿದೆವು. ಹೆಸರಿನಲ್ಲಿ ನದಿ ಇದ್ದರೂ ಇದು ನ್ಯೂಯಾರ್ಕ್ ಬಂದರಿಗೂ ಲಾಂಗ್ ಐಲ್ಯಾಂಡ್ ಸೌಂಡಿಗೂ ನಡುವಿನ ಜಲಸಂಧಿ. ಒಂದು ತುದಿಯ ಉಬ್ಬರಕ್ಕೂ ಇನ್ನೊಂದು ತುದಿಯ ಉಬ್ಬರಕ್ಕೂ ಮೂರು ಗಂಟೆಯಷ್ಟು ಅಂತರವಿದೆ, ಎತ್ತರವೂ ಬೇರೆ. ಒಂದು ಕಡೆ ತಗ್ಗು, ಇನ್ನೊಂದು ಕಡೆ ಉಬ್ಬು ಇದ್ದಾಗ ನೀರು ಇಕ್ಕಟ್ಟಿನಲ್ಲಿ ನುಗ್ಗದೆ ಏನು ಮಾಡೀತು? ಸುಳಿಗಳು ಒಂದರ ಬೆನ್ನಿಗೆ ಒಂದು ಏಳುತ್ತಿದ್ದವು. ನೂರಾರು ಹಡಗುಗಳನ್ನು ನುಂಗಿದ ಜಾಗವಿದು. ಕೊನೆಗೆ 1885ರ ಅಕ್ಟೋಬರ್ 10ರಂದು ಇಲ್ಲಿನ ಫ್ಲಡ್ ರಾಕ್ ಎಂಬ ಬಂಡೆಯನ್ನು ಒಂದೇ ಏಟಿಗೆ ಸಿಡಿಸಿ ಹಾಕಿದರು. ಬಂಡೆ ಹೋಯಿತು, ಸೆಳೆತ ಹೋಗಲಿಲ್ಲ.

ಎರಡನೇ ದಿನ: ಬ್ಯಾಟರಿಯಿಂದ ಪೊಕಿಪ್ಸಿಗೆ

ಬ್ಯಾಟರಿಯಲ್ಲಿ ಉಬ್ಬರ, ಇಳಿತಗಳನ್ನು 1850ರ ದಶಕದಿಂದ ಅಳೆಯುತ್ತಿದ್ದಾರೆ. 2012ರ ಅಕ್ಟೋಬರ್ 29ರ ರಾತ್ರಿ ಸ್ಯಾಂಡಿ ಚಂಡಮಾರುತ ಬಂದಾಗ ನೀರು ಸರಾಸರಿ ಇಳಿತದ ಮಟ್ಟಕ್ಕಿಂತ ಸುಮಾರು 4.3 ಮೀಟರ್ ಮೇಲಕ್ಕೆ ಏರಿದ್ದು ಇಲ್ಲೇ. ಆ ಏರಿಕೆ ಇಲ್ಲಿಗೇ ನಿಲ್ಲಲಿಲ್ಲ. ಉಬ್ಬರ ಹಿಡಿಯುವ ದಾರಿಯನ್ನೇ ಹಿಡಿದು ನದಿಯುದ್ದಕ್ಕೂ ಮೇಲಕ್ಕೆ ನಡೆಯಿತು. ಕಡಲಿನಿಂದ ನೂರೈವತ್ತು ಕಿಲೋಮೀಟರ್ ಒಳಗಿರುವ ಕಿಂಗ್‌ಸ್ಟನ್ನಿನ ನದೀದಡದಲ್ಲೂ ನೀರು ನುಗ್ಗಿತು.

ಅಂದು ಅಂಥ ಅಬ್ಬರವೇನೂ ಇರಲಿಲ್ಲ. ಒಂಬತ್ತೂಕಾಲರ ಸುಮಾರಿಗೆ ಉಬ್ಬರ ನೆತ್ತಿ ಮುಟ್ಟಿತು. ಹಡ್ಸನ್ ಕಡೆಯ ದಡದಲ್ಲಿ ಕಟಾಂಜನಕ್ಕೆ ಒರಗಿ, ನೀರಿನಲ್ಲಿ ನೆಟ್ಟ ಮರದ ಕಂಬವೊಂದನ್ನು ಗುರುತಿಟ್ಟುಕೊಂಡೆವು. ಹತ್ತೂ ಮುಕ್ಕಾಲಿನ ಹೊತ್ತಿಗೆ ಕಂಬದ ಮೇಲಿನ ಒದ್ದೆ ಗುರುತಿಗಿಂತ ನೀರು ಒಂದು ಗೇಣು ಕೆಳಗಿಳಿದಿತ್ತು. ಆದರೆ ಅದೇ ನೀರಿನ ಮೇಲೆ ತೇಲುತ್ತಿದ್ದ ಪ್ಲಾಸ್ಟಿಕ್ ಬಾಟಲಿ, ಒಂದಿಷ್ಟು ಎಲೆ, ಮುರಿದ ಹಲಗೆ ಎಲ್ಲವೂ ನಿಶ್ಚಿಂತೆಯಿಂದ ಉತ್ತರಕ್ಕೆ, ಎಂದರೆ ನದಿಯ ಮೇಲ್ಭಾಗದ ಕಡೆಗೇ ಸಾಗಿದ್ದವು.

ಹುಡುಗ ಕಂಬವನ್ನು ನೋಡಿದ, ಹಲಗೆಯನ್ನು ನೋಡಿದ. "ನೀರು ಇಳಿಯುತ್ತಿದೆ, ಆದರೆ ಒಳಗೆ ಹೋಗುತ್ತಿದೆ. ಇದು ಹೇಗೆ ಸಾಧ್ಯ?"

ನಾನು ಈ ಪ್ರವಾಸಕ್ಕೆ ಹೊರಟದ್ದೇ ಈ ಪ್ರಶ್ನೆಗಾಗಿ. ನಿನ್ನೆಯ ಮರಳ ತೀರದಲ್ಲಿ ನೀರು ಏರುವುದಕ್ಕೂ ದಡದತ್ತ ಚಲಿಸುವುದಕ್ಕೂ ಒಂದೇ ಗಡಿಯಾರ: ಏರಿಕೆ ನಿಂತಾಗ ಚಲನೆಯೂ ನಿಂತಿತು. ನದಿಯಲ್ಲಿ ಎರಡು ಗಡಿಯಾರಗಳಿವೆ. ಒಂದು ಮಟ್ಟದ್ದು, ಇನ್ನೊಂದು ಹರಿವಿನದು. ಅಡೆತಡೆಯಿಲ್ಲದೆ ಮುಂದೆ ಸಾಗುವ ಅಲೆಯ ನೆತ್ತಿಯ ಕೆಳಗಿನ ನೀರು ಅಲೆ ಹೋಗುವ ದಿಕ್ಕಿನಲ್ಲೇ ಅತಿ ಜೋರಾಗಿ ಚಲಿಸುತ್ತದೆ. ತಗ್ಗಿನ ಕೆಳಗಿನದು ವಿರುದ್ಧ ದಿಕ್ಕಿಗೆ. ಎಂದರೆ ಉಬ್ಬರ ಪೂರ್ಣವಾದ ಕ್ಷಣದಲ್ಲಿ ನೀರು ನಿಲ್ಲುವ ಬದಲು ಮೇಲ್ಮುಖವಾಗಿ ಓಡುತ್ತಿರುತ್ತದೆ. ಹಡ್ಸನ್ನಿನ ಕೆಳಭಾಗದಲ್ಲಿ ಪೂರ್ಣ ಉಬ್ಬರವಾಗಿ ಎರಡು ಗಂಟೆಗೂ ಮಿಕ್ಕಿ ಕಳೆದ ಮೇಲೆಯೇ ಹರಿವು ತಿರುಗುವುದು. ವೇಳಾಪಟ್ಟಿಗಳಲ್ಲಿ ಮಟ್ಟಕ್ಕೆ ಒಂದು, ಹರಿವಿಗೆ ಇನ್ನೊಂದು ಎಂದು ಬೇರೆಬೇರೆ ಪುಟಗಳಿರುವುದು ಇದಕ್ಕೇ. ಮೊದಲನೆಯದನ್ನು ಮಾತ್ರ ನೋಡಿ ದೋಣಿ ಇಳಿಸಿದವನು ಎದುರು ನೀರಿಗೆ ಹುಟ್ಟು ಹಾಕುತ್ತಾನೆ.

ಇಷ್ಟು ಸಾಲದೆಂಬಂತೆ ತಳದ ನೀರಿಗೆ ಅದರದೇ ವರಸೆಯಿದೆ. ಕಡಲಿನ ಉಪ್ಪುನೀರು ಭಾರ, ತಳ ಹಿಡಿದು ಒಳಗೆ ಜಾರುತ್ತದೆ. ನದಿಯ ಸಿಹಿನೀರು ಹಗುರ, ಮೇಲೆ ಹೊರಗೆ ಸರಿಯುತ್ತದೆ. ಹೀಗಾಗಿ ಹರಿವು ತಿರುಗುವ ಹೊತ್ತಿನಲ್ಲಿ ಮೇಲ್ಪದರ ಇನ್ನೂ ಕಡಲಿನ ಕಡೆಗಿರುವಾಗಲೇ ತಳ ನದಿಯ ಮೇಲಕ್ಕೆ ಹೊರಟಿರುತ್ತದೆ. ದಡದಲ್ಲಿ ನಿಂತವರಿಗೆ ಅದು ಕಾಣುವುದಿಲ್ಲ.

ಹನ್ನೊಂದೂಕಾಲರ ರೈಲು ಹಿಡಿದು ಎಡಬದಿಯ ಕಿಟಕಿಯಲ್ಲಿ ಕುಳಿತೆವು. ಹಳಿ ನದಿಯ ಅಂಚಿನಲ್ಲೇ ಸಾಗುತ್ತದೆ; ಕೆಲವೆಡೆ ನೀರಿನ ಮಧ್ಯೆಯೇ ಮಣ್ಣು ಹಾಕಿ ಕಟ್ಟಿದ್ದಾರೆ. ನಮ್ಮ ಉಬ್ಬರ ಎರಡು ಗಂಟೆ ಮೊದಲೇ ಹೊರಟಿತ್ತು. ಬ್ಯಾಟರಿಯಿಂದ ಆಲ್ಬನಿ, ಟ್ರಾಯ್‌ವರೆಗೆ ಅದಕ್ಕೆ ಬೇಕಾಗುವುದು ಸುಮಾರು ಒಂಬತ್ತು ಗಂಟೆ, ಗಂಟೆಗೆ 27 ಕಿಲೋಮೀಟರಿನಷ್ಟು ವೇಗ. ಅಷ್ಟು ವೇಗದಲ್ಲಿ ನೀರೇ ಓಡುತ್ತದೆ ಎಂದಲ್ಲ. ಹಗ್ಗದ ಒಂದು ತುದಿಯನ್ನು ಕುಲುಕಿದರೆ ಅಲೆ ಇನ್ನೊಂದು ತುದಿಗೆ ಹೋಗುತ್ತದೆ, ಹಗ್ಗ ಕೈಯಲ್ಲೇ ಇರುತ್ತದೆ. ಇಲ್ಲಿ ನೀರು ಒಂದು ಉಬ್ಬರಕ್ಕೆ ಹತ್ತು ಹದಿನೈದು ಕಿಲೋಮೀಟರ್ ಮೇಲೆ ಹೋಗಿ, ಇಳಿತದಲ್ಲಿ ಅಷ್ಟೇ ದೂರ, ಜೊತೆಗೆ ಇನ್ನೊಂದಿಷ್ಟು ಕೆಳಗೆ ಬರುತ್ತದೆ. ಬ್ಯಾಟರಿಯಲ್ಲಿ ಕಂಡ ಆ ಹಲಗೆ ಆಲ್ಬನಿಯನ್ನು ಎಂದೂ ನೋಡಲಾರದು. ಅಲೆಯ ವೇಗವನ್ನು ನಿರ್ಧರಿಸುವುದು ಆಳ: ಆಳವಿದ್ದಲ್ಲಿ ಚುರುಕು, ತೆಳುವಾದಲ್ಲಿ ನಿಧಾನ.

ಹೊತ್ತನ್ನು ಲೆಕ್ಕ ಹಾಕಿದರೆ ಪೀಕ್‌ಸ್ಕಿಲ್ ದಾಟಿ ಎಲ್ಲೋ ರೈಲು ಉಬ್ಬರವನ್ನು ಹಿಂದಿಕ್ಕಿರಬೇಕು. ಅಲ್ಲಿಂದ ಮುಂದೆ ಬೆಟ್ಟಗಳು ಎರಡೂ ಕಡೆಯಿಂದ ಒತ್ತಿ ಬರುತ್ತವೆ. ವೆಸ್ಟ್ ಪಾಯಿಂಟ್ ಹತ್ತಿರ ನದಿಯ ಆಳ 60 ಮೀಟರಿಗೂ ಹೆಚ್ಚು. ಹಿಮನದಿಗಳು ಕೊರೆದ ಕಣಿವೆಗೆ ಕಡಲು ನುಗ್ಗಿ ಆದ ಜಾಗವಿದು. ಉಬ್ಬರ, ಇಳಿತಗಳ ಅಂತರ ಅತಿ ಕಡಿಮೆಯಾಗುವುದೂ ಇಲ್ಲೇ, ಸರಾಸರಿ 0.8 ಮೀಟರ್. ಬ್ಯಾಟರಿಯ 1.4 ಮೀಟರ್ ಇಲ್ಲಿಗೆ ಬರುವಷ್ಟರಲ್ಲಿ ಸವೆದಿರುತ್ತದೆ. ಹೀಗೇ ಸವೆಯುತ್ತ ಹೋಗಿ ಒಂದು ಕಡೆ ಸೊನ್ನೆಯಾಗುತ್ತದೆ ಎಂದು ಯಾರಾದರೂ ಊಹಿಸುತ್ತಾರೆ. ಹಡ್ಸನ್ ಆ ಊಹೆಯನ್ನು ಮುಂದೆ ಹೇಗೆ ಕೆಡಿಸುತ್ತದೆ ಎಂಬುದನ್ನು ಹುಡುಗನಿಗೆ ನಾನು ಆಗ ಹೇಳಲಿಲ್ಲ.

ಪೊಕಿಪ್ಸಿಯಲ್ಲಿ ಇಳಿದು 1889ರ ಹಳೆಯ ರೈಲು ಸೇತುವೆಯ ಮೇಲೆ ನಡೆದೆವು. 1974ರಲ್ಲಿ ಬೆಂಕಿ ಬಿದ್ದು ಪಾಳು ಬಿದ್ದಿದ್ದ ಸೇತುವೆ 2009ರಿಂದ ಕಾಲುದಾರಿಯಾಗಿದೆ. ನೀರಿನಿಂದ 65 ಮೀಟರ್ ಎತ್ತರ. ಅಲ್ಲಿಂದ ನದಿ ಒಂದು ನಕಾಶೆಯಂತೆ ಓದಿಸಿಕೊಳ್ಳುತ್ತದೆ: ಹಡಗಿನ ದಾರಿ ತೋರಿಸಲು ತೇಲಿಬಿಟ್ಟ ಬೋಯ್‌ಗಳ ಹಿಂದೆ ನೀರಿನ ಗೀರು ಯಾವ ಕಡೆಗಿದೆಯೋ ಅದೇ ಹರಿವಿನ ದಿಕ್ಕು. ಎರಡು ಗಂಟೆಗೆ ಸ್ವಲ್ಪ ಮೊದಲು ನಮ್ಮ ಬೆಳಗಿನ ಉಬ್ಬರ ಇಲ್ಲಿಗೆ ತಲುಪಿತು. ಗೀರುಗಳೆಲ್ಲ ಉತ್ತರಕ್ಕೆ. ನಾಲ್ಕರ ಹೊತ್ತಿಗೆ ಅವು ಸಣ್ಣದಾಗಿ, ಮಾಸಿ, ಕೊನೆಗೆ ನೀರು ಯಾವ ಕಡೆಗೂ ಹೋಗದೆ ನಿಂತಿತು.

ಈ ಊರು ಕುಡಿಯುವ ನೀರನ್ನು ಇದೇ ನದಿಯಿಂದ ಎತ್ತುತ್ತದೆ. ಉಬ್ಬರ ಬರುವ ನದಿಯ ನೀರು ಉಪ್ಪಾಗಿರಲೇಬೇಕೆಂದಿಲ್ಲ. ಉಪ್ಪು ಬರುವುದು ನೀರೇ ಸಾಗಿ ಬಂದಾಗ, ಉಬ್ಬರ ಬರುವುದು ಅಲೆ ಸಾಗಿ ಬಂದಾಗ. ಅಲೆಯ ಕಾಲು ಬಹಳ ಉದ್ದ. ಮಳೆ ಚೆನ್ನಾಗಿದ್ದರೆ ಉಪ್ಪಿನಂಚು ಇಲ್ಲಿಂದ ಬಹಳ ಕೆಳಗೆ ಇರುತ್ತದೆ, ಬರಗಾಲದಲ್ಲಿ ತೆವಳುತ್ತ ಇಲ್ಲಿಯವರೆಗೂ ಬರುತ್ತದೆ. 1960ರ ದಶಕದ ಬರದಲ್ಲಿ ಈ ಊರನ್ನೂ ದಾಟಿತ್ತು. 1609ರ ಸೆಪ್ಟೆಂಬರಿನಲ್ಲಿ ಹೆನ್ರಿ ಹಡ್ಸನ್ ಏಷ್ಯಾಕ್ಕೆ ದಾರಿ ಹುಡುಕುತ್ತ ಈ ನೀರಿನಲ್ಲಿ ಇಂದಿನ ಆಲ್ಬನಿಯವರೆಗೆ ಹೋಗಿ ಬಂದ. ದಿನಗಟ್ಟಲೆ ಒಳಗೆ ಹೋದರೂ ನೀರು ಕಡಲಿನಂತೆಯೇ ಏರಿ ಇಳಿಯುತ್ತಿದ್ದರೆ ಯಾವ ನಾವಿಕನಿಗೆ ಆಸೆ ಹುಟ್ಟುವುದಿಲ್ಲ? ನಾಲಿಗೆಗೆ ಸಿಕ್ಕ ರುಚಿ ಬೇರೆಯೇ ಹೇಳುತ್ತಿದ್ದಿರಬೇಕು.

ಮೂರನೇ ದಿನ: ಸಾಗರ್ಟೀಸ್

ಬಾಡಿಗೆ ಕಾರಿನಲ್ಲಿ ಪಶ್ಚಿಮ ದಡಕ್ಕೆ ದಾಟಿ ಸಾಗರ್ಟೀಸ್ ತಲುಪಿದೆವು. ಕಡಲಿನಿಂದ 160 ಕಿಲೋಮೀಟರಿಗೂ ಹೆಚ್ಚು ಒಳಗೆ. ಇಲ್ಲಿ ಎಸೋಪಸ್ ಹೊಳೆ ಹಡ್ಸನ್ನನ್ನು ಸೇರುವ ಬಾಯಲ್ಲಿ 1869ರ ಒಂದು ದೀಪಸ್ತಂಭವಿದೆ. ಅದಕ್ಕೆ ಹೋಗಲು ಸುಮಾರು ಮುಕ್ಕಾಲು ಕಿಲೋಮೀಟರ್ ಕಾಲುದಾರಿ, ಜೊಂಡು ಬೆಳೆದ ತಗ್ಗು ನೆಲದ ಮೇಲೆ. ಹೋಗುವ ಮುನ್ನ ಉಬ್ಬರದ ಹೊತ್ತು ನೋಡಿಕೊಳ್ಳಿ ಎಂದು ಎಚ್ಚರಿಸುತ್ತಾರೆ, ಏಕೆಂದರೆ ದೊಡ್ಡ ಉಬ್ಬರದಲ್ಲಿ ದಾರಿಯ ಭಾಗಗಳು ಮುಳುಗುತ್ತವೆ.

ಹತ್ತೂವರೆಯ ಸುಮಾರಿಗೆ ಇಲ್ಲಿ ಇಳಿತ. ಅದೇ ಹೊತ್ತಿಗೆ ಬ್ಯಾಟರಿಯಲ್ಲಿ ಉಬ್ಬರ ಆಗಷ್ಟೇ ನೆತ್ತಿ ಮುಟ್ಟಿ ಇಳಿಯತೊಡಗಿತ್ತು. ಒಂದೇ ನದಿ, ಒಂದು ತುದಿಯಲ್ಲಿ ತುಂಬಿದೆ, ಇನ್ನೊಂದು ಕಡೆ ಕೆಸರು ಕಾಣಿಸುತ್ತಿದೆ. ಅಮೆಜಾನ್ ನದಿಯಲ್ಲಂತೂ ಉಬ್ಬರದ ಮಿಡಿತ ಸುಮಾರು 800 ಕಿಲೋಮೀಟರ್ ಒಳಗಿನ ಓಬಿಡುಸ್‌ವರೆಗೆ ಸಿಗುತ್ತದೆ. ಅಷ್ಟು ಉದ್ದದಲ್ಲಿ ಒಂದರ ಹಿಂದೊಂದರಂತೆ ಹಲವು ಉಬ್ಬರಗಳು ಏಕಕಾಲಕ್ಕೆ ನಡೆದಿರುತ್ತವೆ.

ಕೆಸರಿನ ವಾಸನೆ ಕಡಲತೀರದ್ದಲ್ಲ, ಹೊಂಡದ್ದು. ಏಡಿಯ ಬಿಲಗಳ ಬದಲು ಸಿಹಿನೀರಿನ ಗಿಡಗಳು ಸೋತು ಮಲಗಿದ್ದವು. ದಿನಕ್ಕೆ ಎರಡು ಬಾರಿ ಮುಳುಗಿ ಎರಡು ಬಾರಿ ಗಾಳಿಗೆ ಬೀಳುವ, ಆದರೆ ಉಪ್ಪನ್ನೇ ಕಾಣದ ಇಂಥ ಜೌಗು ಅಪರೂಪದ್ದು. ಎದುರು ದಡದ ಟಿವೊಲಿ ಕೊಲ್ಲಿಗಳು ಈ ಕಾರಣಕ್ಕೇ ರಕ್ಷಿತ ಪ್ರದೇಶಗಳಾಗಿವೆ. ರೈಲುಹಳಿಯ ಏರಿ ಅವುಗಳನ್ನು ನದಿಯಿಂದ ಬೇರ್ಪಡಿಸಿದೆ. ಹಳಿಯ ಕೆಳಗಿನ ಕಿರುಸೇತುವೆಗಳ ಮೂಲಕ ಮಾತ್ರ ಉಬ್ಬರದ ನೀರು ಒಳಗೆ ಬಂದು ಹೋಗಬೇಕು.

ದೀಪಸ್ತಂಭ ನೋಡಿ ವಾಪಸು ಬಂದು ದಾರಿಯ ದಡದ ತುದಿಯಲ್ಲಿ ಕುಳಿತೆವು. ಮಧ್ಯಾಹ್ನ ನೀರು ಬಂತು. ಅಲೆಯಿಲ್ಲ, ಸದ್ದಿಲ್ಲ, ಕಾಲಡಿಯ ಮಣ್ಣು ಸುಮ್ಮನೆ ಮೆತ್ತಗಾಯಿತು. ಮೂರು ಗಂಟೆಯ ಹೊತ್ತಿಗೆ ಬೆಳಿಗ್ಗೆ ನಾವು ಬೂಟು ಹಾಕಿಕೊಂಡೇ ನಡೆದ ಜಾಗದಲ್ಲಿ ಹುಡುಗ ಬರಿಗಾಲಲ್ಲಿ ನಿಂತಿದ್ದ. "ಇಷ್ಟು ಬೇಗ ಏರಿತಲ್ಲ!" ಎಂದ. ಅದು ಭ್ರಮೆಯಲ್ಲ. ಇಲ್ಲಿ ಏರುವುದಕ್ಕೆ ಆರು ಗಂಟೆಗಿಂತ ಕಡಿಮೆ, ಇಳಿಯುವುದಕ್ಕೆ ಆರೂವರೆಯ ಸುಮಾರು. ಅಲೆಯ ನೆತ್ತಿ ಹೆಚ್ಚು ಆಳದ ನೀರಿನಲ್ಲಿ ಸಾಗುತ್ತದೆ, ತಗ್ಗು ಕಡಿಮೆ ಆಳದಲ್ಲಿ. ಹಾಗಾಗಿ ನೆತ್ತಿ ಮುಂದಿನ ತಗ್ಗಿನ ಹಿಮ್ಮಡಿ ತುಳಿಯುತ್ತ ಬರುತ್ತದೆ. ಮೇಲಿನಿಂದ ಬರುವ ನದಿನೀರೂ ಏರಿಕೆಯ ಕಾಲವನ್ನು ಕತ್ತರಿಸಿ ಇಳಿತಕ್ಕೆ ಸೇರಿಸುತ್ತದೆ.

ಇದೇ ಗುಣ ಅತಿಗೆ ಹೋದರೆ ನೆತ್ತಿ ತಗ್ಗನ್ನು ಹಿಡಿದೇಬಿಡುತ್ತದೆ. ಆಗ ಉಬ್ಬರ ಗೋಡೆಯಂತೆ ನದಿಯೊಳಗೆ ನುಗ್ಗುತ್ತದೆ. ಚೀನಾದ ಚಿಯಾನ್‌ಟಾಂಗ್, ಇಂಗ್ಲೆಂಡಿನ ಸೆವರ್ನ್ ನದಿಗಳಲ್ಲಿ ಆಗುವುದು ಅದು. ಅದಕ್ಕೆ ಬಾಯಲ್ಲಿ ಬಹಳ ದೊಡ್ಡ ಉಬ್ಬರ, ಆಲಿಕೆಯಂತೆ ಕಿರಿದಾಗುವ ಅಳಿವೆ, ಒಳಗೆ ತೆಳು ನೀರು ಎಲ್ಲವೂ ಕೂಡಿಬರಬೇಕು. ಸೆವರ್ನ್ ಅಳಿವೆಯಲ್ಲಿ ಅಂತರ 14 ಮೀಟರಿನ ತನಕ ಹೋಗುತ್ತದೆ. ಹಡ್ಸನ್ನಿನ ಒಂದೂವರೆ ಮೀಟರಿಗೂ ಅದರ ಆಳಕ್ಕೂ ಆ ವೈಭವ ದಕ್ಕುವುದಿಲ್ಲ. ನನಗೆ ಇದೇ ಹೆಚ್ಚು ಇಷ್ಟವಾಯಿತು: ನೀರಿನ ಗೋಡೆಯನ್ನು ಯಾರು ಬೇಕಾದರೂ ಬೆರಗಾಗಿ ನೋಡುತ್ತಾರೆ, ಇದನ್ನು ನೋಡಲು ಕುಳಿತುಕೊಳ್ಳಬೇಕು.

ನಾಲ್ಕನೇ ದಿನ: ಟ್ರಾಯ್, ಮತ್ತು ವಾಪಸು

ರಾತ್ರಿ ಆಲ್ಬನಿಯಲ್ಲಿ ಉಳಿದು ಬೆಳಿಗ್ಗೆ ಏಳಕ್ಕೆಲ್ಲ ಟ್ರಾಯ್‌ನ ಅಣೆಕಟ್ಟಿನ ಕೆಳಗಿದ್ದೆವು. 1916ರಿಂದ ಉಬ್ಬರದ ದಾರಿ ಇಲ್ಲಿಗೆ ಮುಗಿಯುತ್ತದೆ. ಮೇಲಿನಿಂದ ನೀರು ಧುಮುಕುತ್ತಲೇ ಇತ್ತು. ಬದಿಯ ಕಲ್ಲುಗೋಡೆಯಲ್ಲಿ ನೀರು ತನ್ನ ಎತ್ತರದ ಗುರುತನ್ನು ಮುಟ್ಟಿ ನಿಂತಿತ್ತು. ಇದು ಹಿಂದಿನ ರಾತ್ರಿ ಹತ್ತು ದಾಟಿದ ಮೇಲೆ ಬ್ಯಾಟರಿ ಬಿಟ್ಟ ಉಬ್ಬರ.

"ವೆಸ್ಟ್ ಪಾಯಿಂಟಿನಲ್ಲೇ 0.8 ಮೀಟರ್ ಎಂದಿರಿ. ಇಲ್ಲಿ ಅಂಗುಲಗಳ ಲೆಕ್ಕವೇ?"

ಮಧ್ಯಾಹ್ನ ನೋಡೋಣ ಎಂದೆ. ನಡುವಿನ ಹೊತ್ತಿನಲ್ಲಿ ಊರು ಸುತ್ತಿ ಎರಡು ಗಂಟೆಗೆ ಮರಳಿ ಬಂದಾಗ ಗೋಡೆಯಲ್ಲಿ ಕಪ್ಪು ಒದ್ದೆಯ ಪಟ್ಟಿ ಹುಡುಗನ ಭುಜದೆತ್ತರಕ್ಕೆ ಬೆಳೆದಿತ್ತು. ಇಲ್ಲಿನ ಸರಾಸರಿ ಅಂತರವೂ ಸುಮಾರು 1.4 ಮೀಟರ್, ಬ್ಯಾಟರಿಯಷ್ಟೇ. ದಾರಿಯಲ್ಲಿ ಸವೆದದ್ದು ತುದಿಯಲ್ಲಿ ಮತ್ತೆ ಬೆಳೆದಿದೆ. ಒಂದು ಕಾರಣ, ನದಿ ಕಿರಿದಾಗುತ್ತ ಬಂದು ಅಲೆಯ ಶಕ್ತಿ ಇಕ್ಕಟ್ಟಾಗುತ್ತದೆ. ಇನ್ನೊಂದು, ಅಲೆ ತಡೆಗೆ ಬಡಿದು ಹಿಂದಿರುಗುತ್ತದೆ. ಬರುವ ಅಲೆ, ಹೋಗುವ ಅಲೆ ಎರಡೂ ಇಲ್ಲಿ ಕೂಡಿಕೊಳ್ಳುತ್ತವೆ, ದೂರದ ವೆಸ್ಟ್ ಪಾಯಿಂಟ್ ಸುತ್ತಮುತ್ತ ಒಂದನ್ನೊಂದು ಕಳೆಯುತ್ತವೆ.

ಮೂರನೆಯ ಕಾರಣ ಮನುಷ್ಯ. ಆಲ್ಬನಿಯ ಬಂದರಿಗೆ ಸಾಗರದ ಹಡಗುಗಳು ಬರಲೆಂದು ನದಿಯ ಮೇಲ್ಭಾಗವನ್ನು ಹೂಳೆತ್ತಿ ಆಳಗೊಳಿಸಿದರು. ಈಗ ಹಡಗುದಾರಿಯ ಆಳ 32 ಅಡಿ. ತಳದ ಉಜ್ಜಾಟ ಕಡಿಮೆಯಾಗಿ ಉಬ್ಬರ ಸಲೀಸಾಗಿ ಮೇಲೆ ಬರತೊಡಗಿತು. ಹತ್ತೊಂಬತ್ತನೆಯ ಶತಮಾನದ ದಾಖಲೆಗಳೊಂದಿಗೆ ಹೋಲಿಸಿದರೆ ಆಲ್ಬನಿಯಲ್ಲಿ ಅಂತರ ಎರಡು ಪಟ್ಟಿಗೂ ಹೆಚ್ಚಾಗಿದೆ. ವಿಚಿತ್ರವೆಂದರೆ, ಅದೇ ಆಳದಿಂದ ಮಳೆಯ ನೆರೆ ಬೇಗ ಬಸಿದು ಹೋಗಿ ಊರಿನ ಪ್ರವಾಹದ ಭಯ ಕಡಿಮೆಯಾಯಿತು. ಫುಲ್ಟನ್ನನ ಉಗಿಹಡಗು 1807ರಲ್ಲಿ ನ್ಯೂಯಾರ್ಕಿನಿಂದ ಆಲ್ಬನಿಗೆ 32 ಗಂಟೆಯಲ್ಲಿ ಬಂದಾಗ ನದಿ ಇಷ್ಟು ಆಳವಾಗಿರಲಿಲ್ಲ. ಅದಕ್ಕೂ ಮೊದಲಿನ ಹಾಯಿದೋಣಿಗಳವರು ಗಾಳಿ ಕೈಕೊಟ್ಟರೆ ಉಬ್ಬರದ ಹರಿವಿನಲ್ಲಿ ಸಾಗಿ, ಅದು ತಿರುಗಿದಾಗ ಲಂಗರು ಹಾಕಿ ಕಾಯುತ್ತಿದ್ದರು. ಅವರಿಗೆ ಮುಖ್ಯವಾದದ್ದು ಎರಡನೆಯ ಗಡಿಯಾರ ಮಾತ್ರ.

ಟ್ರಾಯ್‌ನಲ್ಲಿ ಆ ಗಡಿಯಾರ ಹೆಚ್ಚುಕಡಿಮೆ ನಿಂತೇಹೋಗಿರುತ್ತದೆ. ಹುಡುಗ ಒಂದು ಕಡ್ಡಿ ಎಸೆದ, ಅದು ಕೆಳಗೆ ಹೋಯಿತು. ಬೆಳಿಗ್ಗೆ ಉಬ್ಬರದಲ್ಲಿ ಎಸೆದದ್ದೂ ಕೆಳಗೇ ಹೋಗಿತ್ತು, ಸ್ವಲ್ಪ ಸೋಮಾರಿಯಾಗಿ. ಇಲ್ಲಿ ಉಬ್ಬರವೆಂದರೆ ಕೆಳಗಿನಿಂದ ಬಂದ ತಡೆಗೆ ನದಿನೀರೇ ಹಿಂದೆ ಜಮಾಯಿಸಿ ಮಟ್ಟ ಏರುವುದು. ಹಿಮ ಕರಗಿ ನೆರೆ ಬರುವ ವಸಂತದಲ್ಲಿ ಆ ಏರಿಳಿತವೂ ಮಂಕಾಗುತ್ತದೆ. ಬ್ಯಾಟರಿಯಲ್ಲಿ ಮಟ್ಟ ಇಳಿಯುತ್ತಿರುವಾಗ ನೀರು ಮೇಲಕ್ಕೆ ಹೋಗುವುದನ್ನು ಕಂಡಿದ್ದೆವು. ಇಲ್ಲಿ ಮಟ್ಟ ಏರುವಾಗಲೂ ನೀರು ಕೆಳಕ್ಕೇ ಹೋಗುತ್ತದೆ.

ಮೂರರ ರೈಲಿಗೆ ಆಲ್ಬನಿ ಬಿಟ್ಟೆವು. ಕಿಟಕಿಯಾಚೆ ಇಳಿತ, ದಡದುದ್ದಕ್ಕೂ ಬತ್ತಲೆ ಕೆಸರು. ಬರುವಾಗ ಉಬ್ಬರವನ್ನು ಹಿಂದಿನಿಂದ ಅಟ್ಟಿ ಹಿಡಿದಿದ್ದೆವು, ಈಗ ಅದು ಎದುರಿಗೇ ಬರುತ್ತಿತ್ತು. ರೈನ್‌ಕ್ಲಿಫ್ ದಾಟುವಾಗ ಕೆಸರು ಮಾಯವಾಗಿತ್ತು. ನಾಲ್ಕರ ಆಸುಪಾಸು, ಹೈಡ್ ಪಾರ್ಕ್ ಹತ್ತಿರ, ಹಳಿಯ ಕಲ್ಲುಗಳ ಅಂಚಿಗೆ ನೀರು ತುಂಬಿ ನಿಂತಿತ್ತು. ಹುಡುಗ ಗಡಿಯಾರ ನೋಡಿ ಬ್ಯಾಟರಿಯ ಹೊತ್ತಿಗೆ ಐದು ಗಂಟೆ ಕೂಡಿಸಿ "ಸರಿಯಾಗಿದೆ" ಎಂದ. ಯಾಂಕರ್ಸ್ ಬಳಿಗೆ ಬರುವಷ್ಟರಲ್ಲಿ ದಡದ ಕಪ್ಪು ಕಲ್ಲುಗಳು ಮತ್ತೆ ಹೊರಗೆ ಬಿದ್ದಿದ್ದವು. ಕಡಲತೀರದಲ್ಲಿ ಕುಳಿತವನಿಗೆ ಇಳಿತದಿಂದ ಉಬ್ಬರ, ಉಬ್ಬರದಿಂದ ಮತ್ತೆ ಇಳಿತ ನೋಡಲು ಹನ್ನೆರಡು ಗಂಟೆ ಬೇಕು, ರೈಲಿನಲ್ಲಿ ನಮಗೆ ಎರಡೂವರೆ ಗಂಟೆಯಲ್ಲಿ ಮುಗಿದಿತ್ತು.

ಸಾಮಾನು ಇರಿಸಿ ಬ್ಯಾಟರಿಗೆ ಹೋದಾಗ ಆರು ಗಂಟೆ. ಮಟ್ಟ ತಳ ಮುಟ್ಟಿ ಏರಲು ಶುರುವಾಗಿ ಒಂದು ಗಂಟೆಯಾಗಿತ್ತು. ಹುಡುಗ ಕಂಬವನ್ನು ನೋಡಲೇ ಇಲ್ಲ. ನೇರವಾಗಿ ತೇಲುವ ಎಲೆಗಳನ್ನು ಹುಡುಕಿದ. ಅವು ಇನ್ನೂ ದಕ್ಷಿಣಕ್ಕೆ, ಕಡಲಿನ ಕಡೆಗೇ ಹೋಗುತ್ತಿದ್ದವು.